ನಿಂತು ಉಣ್ಣುವ ಇಂಗ್ಲಿಷು

"ಅಪ್! ಅಪ್ ಅನ್ರೇ ಕತ್ತೆಗಳಾ! ಕ್ಲೀನ್ ಅಪ್! ಹರಿ ಅಪ್! ಬಾಯಲ್ಲೇನು ಕಲ್ಲು ತುಂಬ್ಕೊಂಡಿದ್ದೀರಾ?"

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಮೇಲ್ವಿಚಾರಕ ಟೈಯಪ್ಪ ಇಂಗ್ಲಿಷ್ ಕಲಿಸುತ್ತಿದ್ದ. ಮನೆಮಾತು ಬಾಯಿಗೆ ಬಂದರೆ ಅವತ್ತು ನಿಂತುಕೊಂಡೇ ಉಣ್ಣಬೇಕು. ಬೈಯುವುದಕ್ಕೆ ಮಾತ್ರ ಅವನಿಗೂ ಮನೆಮಾತೇ ಬೇಕು; ಅದನ್ನು ಯಾರೂ ಕೇಳುವಂತಿರಲಿಲ್ಲ.

ದಿನಾ ನಿಲ್ಲುವವಳು ದೊಡ್ಡಮ್ಮ. ಮೊಣಕಾಲು ಊದಿ ಕುಂಬಳಕಾಯಿ. ಇಸ್ತ್ರಿಪೆಟ್ಟಿಗೆ ತಾಗಿ "ಅಯ್ಯೋ" ಅಂದದ್ದಕ್ಕೂ ನಿಲ್ಲಿಸಿದ್ದ.

"ಔಚ್ ಅನ್ಬೇಕು!"

ಅಂದಿನಿಂದ ಅವಳು ಸುಡುವ ಮೊದಲೇ ಔಚ್ ಅನ್ನುತ್ತಿದ್ದಳು.

ಅಲ್ಲೇ ಒಗೆಯುತ್ತಿದ್ದ ಅವಳ ತಂಗಿಯ ಮಗಳನ್ನು ಎಲ್ಲರೂ ಮೂಗಿ ಅನ್ನುತ್ತಿದ್ದರು. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಇವತ್ತು ಹೇಗೋ ಬಾಯಿಬಿಟ್ಟಳು.

"ಸಾರ್, ಕೂತ್ಕೋ ಅನ್ನೋಕೆ ಏನಂತಾರೆ?"

"ಅದು ಮೇಲಿರೋ ಗೆಸ್ಟುಗಳಿಗೆ ಕಣೇ. ನಿಮಗೆಲ್ಲಾ ಅಪ್ಪೇ ಸಾಕು. ಇವತ್ತು ನೀನೂ ನಿಂತ್ಕೊಂಡೇ ತಿನ್ನು."

'ಸ್ಟ್ಯಾಂಡ್ ಅಪ್' ಅವಳಿಗೆ ಮೊದಲೇ ಗೊತ್ತಿತ್ತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಂತೇ ಕಲಿತದ್ದು. ಕೂರುವ ಪಾಠ ಬರುವ ಮೊದಲೇ ಶಾಲೆ ಬಿಡಿಸಿದ್ದರು.

ಹೋದ ವಾರ ದೊಡ್ಡಮ್ಮ, "ಸಾರ್, ಚಾದರದ ಕೋಣೆ ಬಾಗಿಲಿಗೆ ಒಳಗಡೆ ಹಿಡಿ ಕಿತ್ತೋಗಿದೆ," ಅಂದಿದ್ದಳು.

"ಇಂಗ್ಲಿಷಲ್ಲಿ ಬೊಗಳು!"

"ಹರಿ ಅಪ್, ಸಾರ್."

ಆಗಲೂ ನಿಲ್ಲಿಸಿದ್ದ.

ಬುತ್ತಿ ಬಿಚ್ಚುವ ಹೊತ್ತಿಗೆ ಟೈಯಪ್ಪ ಎಂದಿನಂತೆ, ಒಗೆದ ಚಾದರಗಳ ಮೇಲೆ ಒಂದು ನಿದ್ದೆ ತೆಗೆಯಲು ಆ ಕೋಣೆ ಹೊಕ್ಕ. ದಿನಾ ಅರ್ಧ ತೆರೆದೇ ಇರುತ್ತಿದ್ದ ಬಾಗಿಲು ಇವತ್ತು ಧಡ್ಡನೆ ಮುಚ್ಚಿಕೊಂಡಿತು.

"ಓಪನ್ ದ ಡೋರ್!"

"ಪ್ಲೀಸ್ ವೇಟ್ ಸಾರ್," ಅಂದರು ಹೆಂಗಸರು, ಗೆಸ್ಟು ಎದುರಾದರೆ ಅನ್ನಲು ಕಲಿಸಿದ ರಾಗದಲ್ಲೇ.

"ಓಪನ್ ಇಟ್, ಐ ಸೇ!"

"ಹ್ಯಾವ್ ಎ ನೈಸ್ ಡೇ ಸಾರ್."

"ಬಾಗಿಲು ತೆಗೀರೇ ಮುಂಡೇವಾ! ಸೆಖೆ ತಡೆಯೋಕಾಗ್ತಿಲ್ಲ!"

"ಔಚ್," ಅಂದಳು ದೊಡ್ಡಮ್ಮ, ಮೊದಲ ಸಲ ಸರಿಯಾದ ಜಾಗದಲ್ಲಿ.

ಮೂಗಿ ಹೋಗಿ ಚಿಲಕಕ್ಕೆ ಕೈಯಿಟ್ಟಳು. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ತಿರುಗಿ ದೊಡ್ಡಮ್ಮನ ಮೊಣಕಾಲು ನೋಡಿದಳು. ಚಿಲಕದಿಂದ ಕೈ ತೆಗೆದಳು.

"ಸಾರ್, ಮನೆಮಾತು ಆಡಿದ್ರಿ. ಸ್ಟ್ಯಾಂಡ್ ಅಪ್!"

ಒಳಗಿನಿಂದ ಬಾಗಿಲು ಗುದ್ದುವ ಸದ್ದು ನಿಂತು ಮತ್ತೆ ಜೋರಾಯಿತು. ಮೂಗಿ ಟೈಯಪ್ಪನ ತಿರುಗುವ ಕುರ್ಚಿಯನ್ನು ದರದರ ಎಳೆದು ತಂದು, ಅದರ ಮೆತ್ತೆ ಕೊಡವಿದಳು.

"ಕೂತ್ಕೋ ದೊಡ್ಡಮ್ಮ," ಅಂದಳು, ಬಾಗಿಲಾಚೆಗೂ ಕೇಳುವ ಹಾಗೆ.

ದೊಡ್ಡಮ್ಮ ಕೂತಳು. ಕಾಲು ಚಾಚಿದಳು. ಕುರ್ಚಿಯಲ್ಲಿ ಒಂದು ಸುತ್ತು ಗಿರ್ರನೆ ತಿರುಗಿ ನೋಡಿ, ಬುತ್ತಿಯ ಗಂಟಿಗೆ ಕೈಹಾಕಿದಳು.