ಬಾರಿನೊಳಗೆ ನಡೆದ ತಂತಿ

ಹಾಲ್ಕುರಿಕೆಯ ಕೆಂಪಕ್ಕನ ಕಿವಿಗೆ ಸುತ್ತಿನ ತೋಟದವರಲ್ಲೆಲ್ಲ ಹೆಸರಿತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಅವಳು ಆಯ್ದುಕೊಟ್ಟ ಕಾಯನ್ನು ಮಾತ್ರ ಸುಲಿಯುವುದು ತೋಟದ ಯಜಮಾನರಾದ ಕಾಡಸಿದ್ದಪ್ಪನವರ ಮನೆಯ ಪದ್ಧತಿ. ಆ ಕಿವಿ ಈ ಬೇಸಿಗೆಯಲ್ಲಿ ಮೆಲ್ಲಗೆ ಕದ ಮುಚ್ಚಿಕೊಳ್ಳುತ್ತಿತ್ತು. ಮೊನ್ನೆ ಅವಳು ಸರಿಯಿದೆ ಎಂದು ಕೊಟ್ಟ ಕಾಯಿ ಒಡೆದಾಗ ಯಜಮಾನರ ಕಾಲ ಮೇಲೆ ನೀರು ಚೆಲ್ಲಿತು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುಮ್ಮನೆ ಅವಳ ಮುಖ ನೋಡಿದರು.

ಕೆಂಪಕ್ಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಗಂಡನ ಮುಂದೆಯೂ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು, ಅವರು ನಕ್ಕಾಗ ನಗುತ್ತಿದ್ದಳು. ಕಿವುಡಿ ಎಂದು ತಿಳಿದರೆ ಅಟ್ಟದ ಕೆಲಸ ತಪ್ಪುತ್ತದೆ, ಅದಿರಲಿ, ಕೂಗಿ ಕೂಗಿ ಸಾಕಾಗಿ ಮನೆಯ ಗಂಡಸು ಮಾತನ್ನೇ ಬಿಟ್ಟುಬಿಟ್ಟರೆ? ಆ ಹೆದರಿಕೆ ಅವಳನ್ನು ಹಗಲೆಲ್ಲ ಅರೆಯುತ್ತಿತ್ತು.

ಗಂಡನ ಹೆಸರು ಗಿಡ್ಡಯ್ಯ. ಹೆಸರಿಟ್ಟವರು ಯಾರೋ ಪುಣ್ಯಾತ್ಮರು, ಆಳು ಮಾತ್ರ ತೆಂಗಿನಮರ. ಹೊಂಗೆಮರದ ಕೆಳಗೆ ಸೈಕಲ್ ಶಾಪು. ಆ ಮಧ್ಯಾಹ್ನ ಬುತ್ತಿ ತಂದ ಕೆಂಪಕ್ಕನಿಗೆ ಕಂಡದ್ದು ಇಂಗು ತಿಂದ ಮಂಗನ ಹಾಗೆ ಕುಳಿತ ಗಂಡ. ಮುಂದೆ ಗೋಣಿಯ ಮೇಲೆ ಒಂದು ಸೀಮೆ ಸೈಕಲ್ಲು ಮಲಗಿತ್ತು. ದಂಡಿನಶಿವರದ ಶೋಕಿಲಾಲನೊಬ್ಬ ಬೆಂಗಳೂರಿನಿಂದ ತಂದದ್ದು, ಬ್ರೇಕಿನ ತಂತಿ ಸವೆದಿತ್ತು. ನಮ್ಮ ಕಡೆಯ ಸೈಕಲ್ಲಿಗೆ ಬ್ರೇಕಿನ ಕಂಬಿ ಹೊರಗೇ ಕಾಣುತ್ತದೆ. ಇದರಲ್ಲಿ ತಂತಿ ಚೌಕಟ್ಟಿನ ಟೊಳ್ಳು ಕೊಳವೆಯಾದ ಬಾರಿನೊಳಗೇ ತೂರಿ, ಹ್ಯಾಂಡಲ್ ಕಡೆ ಹೊಕ್ಕು ಸೀಟಿನ ಕಡೆಯ ಸಣ್ಣ ತೂತಿನಲ್ಲಿ ಹೊರಬರಬೇಕು. ಲಂಗದ ಹಳೆಯ ಲಾಡಿಯ ತುದಿಗೆ ಹೊಸದನ್ನು ಕಟ್ಟಿ ಎಳೆಯಬೇಕೆಂದು ಯಾವ ಹೆಂಗಸಿಗಾದರೂ ಗೊತ್ತು. ಕಂಬಿಯ ಬ್ರೇಕಿನಲ್ಲೇ ಕೈ ಪಳಗಿದ ಗಿಡ್ಡಯ್ಯ ಹಳೆಯ ತಂತಿಯನ್ನು ಸರಕ್ಕನೆ ಎಳೆದುಹಾಕಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಸ ತಂತಿ ಒಳಗೆ ಹೋಗುತ್ತಿತ್ತು, ತೂತನ್ನು ದಾಟಿ ಎಲ್ಲೋ ಕಳೆದುಹೋಗುತ್ತಿತ್ತು.

"ಒಳ್ಳೇ ಟೈಮಿಗೆ ಬಂದೆ ಕಣೇ," ಎಂದ ಗಿಡ್ಡಯ್ಯ. "ಚಿಪ್ಪಿನೊಳಗ್ಲ ಕೊಬ್ಬರಿ ಕೇಳೋ ಕಿವಿ ನಿಂದು. ಬಾರಿಗೆ ಕಿವಿ ಕೊಡು. ತಂತಿ ತುದಿ ತೂತಿನ ಹತ್ರ ಬಂದೇಟ್ಗೆ ಹೇಳು, ಕೊಕ್ಕೆ ಹಾಕಿ ಎಳ್ಕತೀನಿ."

ಕೆಂಪಕ್ಕ ಬುತ್ತಿ ಕೆಳಗಿಟ್ಟಳು. ಇಲ್ಲವೆನ್ನಲು ನೆಪ ಹುಡುಕಿದಳು, ಸಿಗಲಿಲ್ಲ. ಗೋಣಿಯ ಮೇಲೆ ಒರಗಿ ಬಾರಿಗೆ ಕಿವಿಯಿಟ್ಟಳು. ಗಂಡ ತಂತಿ ನೂಕಿದ. ಏನೂ ಇಲ್ಲ. ಬಾಯಿಗೆ ಬಂದಂತೆ "ಇನ್ನೂ ಒಸಿ ಮುಂದಕ್ಕೆ" ಎಂದಳು. ಆಯಿತು, ಇವತ್ತಿಗೆ ಗುಟ್ಟು ರಟ್ಟಾಯಿತು ಎನ್ನಿಸಿ ಕುತ್ತಿಗೆ ಸೋತು, ದವಡೆಯ ಮೂಳೆ ಬಾರಿಗೆ ಒತ್ತಿಕೊಂಡಿತು.

ಆಗ ಕೇಳಿಸಿತು. ಕಿವಿಯಲ್ಲಲ್ಲ, ಹಲ್ಲಿನ ಬುಡದಲ್ಲಿ. ಕತ್ತಲೆಯ ಓಣಿಯಲ್ಲಿ ಯಾರೋ ಕಾಲುಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ನಡೆದಂತೆ. ಅವಳು ಕಣ್ಣು ಮುಚ್ಚಿದಳು. ಬಾರು ಉದ್ದವಾಯಿತು, ಅಗಲವಾಯಿತು, ಅವಳೇ ಅದರೊಳಗೆ ನಡೆಯತೊಡಗಿದಳು. ಒಳಗೆ ತಂಪು. ಗೋಡೆಗೆ ಸವರುತ್ತ ತಂತಿ ಅವಳ ಪಕ್ಕದಲ್ಲೇ ಬರುತ್ತಿತ್ತು. ಕಾಯನ್ನೂ ಹೀಗೇ ದವಡೆಗೊತ್ತಿ ನೋಡಬಹುದಲ್ಲ ಎಂಬ ಯೋಚನೆ ತೇಲಿ ಬಂದು ತೇಲಿ ಹೋಯಿತು. ಹೊಂಗೆಯ ಹೂವು ಕೆನ್ನೆಗೆ ಬಿತ್ತು, ಅದನ್ನು ತೆಗೆಯುವಷ್ಟೂ ಅವಳಿಗೆ ಮನಸ್ಸಿರಲಿಲ್ಲ.

"ಮೆಲ್ಲಕ್ಕೆ... ಒಸಿ ತಿರುವಿ... ದಾಟ್ತು, ಹಿಂದಕ್ಕೆ ತಗಳಿ... ಹ್ಞಾ, ಅಲ್ಲೇ ನಿಲ್ಸಿ!"

ಗಿಡ್ಡಯ್ಯನ ಕೊಕ್ಕೆ ತೂತಿಗಿಳಿಯಿತು, ತಂತಿಯ ತುದಿ ಬಿಸಿಲಿಗೆ ಬಂತು. ಕೆಂಪಕ್ಕ ಏಳಲಿಲ್ಲ. ಎಷ್ಟೋ ದಿನದ ಮೇಲೆ ಕೇಳಿದ ಆ ಸದ್ದನ್ನು ಬಿಟ್ಟು ಬರಲು ಅವಳಿಗೆ ಆಗಲಿಲ್ಲ. ಗಂಡ ಬೆನ್ನ ಹಿಂದೆ ನಿಂತು ಅವಳನ್ನು ಹೊಗಳಿದ್ದು, ಆಮೇಲೆ ಕರೆದದ್ದು, ಮತ್ತೆ ಮತ್ತೆ ಕರೆದದ್ದು ಅವಳಿಗೆ ಗೊತ್ತಾಗಲಿಲ್ಲ.

"ಕೆಂಪೀ."

ಹೆಸರು ದವಡೆಯೊಳಗೇ ಹುಟ್ಟಿತು. ಕಣ್ಣು ಬಿಟ್ಟರೆ, ಬಾರಿನ ಆ ತುದಿಗೆ ಗದ್ದವೊತ್ತಿಕೊಂಡು ಉದ್ದಕ್ಕೆ ಬೋರಲು ಮಲಗಿದ್ದ ಗಂಡ.

"ಹಿಂಗಾದ್ರೆ ಕೇಳ್ತದಾ?"

ಅವಳಿಗೆ ಅಳು ಒತ್ತಿ ಬಂತು. ಹೌದೆಂದು ತಲೆಯಾಡಿಸಿದಳು.

"ಯಾವಾಗಿಂದ?"

"ಯುಗಾದಿಯಿಂದ."

"ಅಲ್ಲಾ ಕಣೇ, ಯುಗಾದಿಯಿಂದ ನಾನು ಆಡಿದ್ದೆಲ್ಲಾ?"

"ತುಟಿ ನೋಡ್ಕಂಡು ನಗ್ತಿದ್ದೆ. ಅರ್ಧ ತಿಳೀತಿತ್ತು, ಅರ್ಧ ಇಲ್ಲ."

ಗಿಡ್ಡಯ್ಯ ಒಂದು ಗಳಿಗೆ ಸುಮ್ಮನಿದ್ದ. ಅವಳು ಹೆದರಿದ್ದೇ ಆ ಮೌನಕ್ಕೆ. ಅವನು ಮೊಣಕೈಯೂರಿ ಹತ್ತಿರ ಸರಿದು, ಗದ್ದವನ್ನು ಮತ್ತೆ ಬಾರಿಗೆ ಒತ್ತಿದ.

"ಹಂಗಾರೆ ಮೊದಲ್ನಿಂದ ಹೇಳ್ತೀನಿ, ಬುಡು. ಯುಗಾದಿ ದಿನ ಬೆಳಿಗ್ಗೆ ನಿಂಗೆ ಏನಂದೆ ಗೊತ್ತಾ?"