ಕೆಳಗಿನ ಸ್ವರ

ತಂಗಿ ತನ್ನ ಕುರ್ಚಿಯನ್ನು ತಾನೇ ಸ್ಟುಡಿಯೋದ ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ಎದುರಿಗೆ ಬೂದು ಬಣ್ಣದ ಸ್ಪಂಜಿನ ಹಲಗೆ ಬಿಟ್ಟರೆ ಇನ್ನೇನೂ ಕಾಣಬಾರದು, ಯಂತ್ರದ ದೀಪವಾಗಲಿ ಇಂಜಿನಿಯರನ ಕೈಯಾಗಲಿ ಸುಳಿವು ಕೊಡಬಾರದು ಎಂಬುದು ಅವಳದೇ ಷರತ್ತು.

"ಹಳೇ ರೆಕಾರ್ಡೋ ಹೊಸದೋ, ಯಾವುದು ಮೊದಲು ಹಾಕ್ತೀರಿ ಅಂತ ಹೇಳಲೇಬೇಡಿ," ಎಂದಳು. "ಸದ್ದು ಎರಡರದ್ದೂ ಸಮ ಇರ್ಲಿ. ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ಸುತ್ತೆ ಜನಕ್ಕೆ. ಆ ಮೋಸ ನನ್ನ ಹತ್ರ ನಡೆಯಲ್ಲ."

"ಸಮ ಮಾಡಿದೀನಿ ಮೇಡಂ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದ ಇಂಜಿನಿಯರ್, ಕಟ್ಟಿದ ಮೂಗಿನಲ್ಲಿ.

"ಇಷ್ಟು ನೆಗಡಿ ಇಟ್ಕೊಂಡು ಅಳೆದ್ರಾ?"

"ಅಳೆದಿದ್ದು ಮೀಟರು ಮೇಡಂ. ಅದಕ್ಕೆ ನೆಗಡಿ ಇಲ್ಲ."

ಹಿಂದೆ ಸೋಫಾದ ಮೇಲಿಂದ ಅಕ್ಕನ ನಗು ಕೇಳಿಸಿತು. ಮಡಿಲಲ್ಲಿ ಖಾಲಿ ಚೀಲವನ್ನಿಟ್ಟುಕೊಂಡು, ಯಾರದೋ ಮನೆಗೆ ಮೊದಲ ಸಲ ಬಂದವಳ ಹಾಗೆ ಅವಳು ಅಂಚಿನಲ್ಲಿ ಕೂತಿದ್ದಳು. ತಾವಿಬ್ಬರೂ ನುಡಿಸಿದ್ದನ್ನು ಹಿಡಿದಿಟ್ಟ ಹಳೆಯ ಟೇಪುಗಳನ್ನು ಆ ಚೀಲದಲ್ಲೇ ತಂದುಕೊಟ್ಟಿದ್ದವಳು ಅವಳು. ಇಷ್ಟು ವರ್ಷವೂ ಅವು ಅವಳ ಕನ್ನಡಕದ ಅಂಗಡಿಯಲ್ಲಿ, ಗಾಜುಗಳನ್ನಿಡುವ ಕಪಾಟಿನಲ್ಲಿ, ತೇವ ತಾಗದಂತೆ ಬೆಚ್ಚಗಿದ್ದವು. ಯಾಕೆ ಇಟ್ಟುಕೊಂಡೆ ಎಂದು ತಂಗಿ ಕೇಳಿದ್ದಕ್ಕೆ, "ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೆ, ಜಾಗನೂ ಇತ್ತು," ಎಂದಿದ್ದಳು.

ಆ ಅಂಗಡಿಯ ಅಟ್ಟದ ಮೇಲೇ ಇಬ್ಬರೂ ಸಂಗೀತ ಮಾಡಿದ್ದು. ಆಗ ಅಂಗಡಿ ಅಪ್ಪನದು. ಎರಡು ಸಿಂಥಸೈಜರ್ ಕೀಬೋರ್ಡುಗಳನ್ನು ಎದುರುಬದುರು ಇಟ್ಟುಕೊಂಡು, ಮೇಲಿನ ರಾಗ ತಂಗಿ, ಕೆಳಗಿನ ಸ್ವರ ಅಕ್ಕ, ಹೀಗೆ ಹಂಚಿಕೊಂಡು ನುಡಿಸುತ್ತಿದ್ದರು. ಅದಕ್ಕೂ ಮೊದಲು, ಇನ್ನೂ ಚಿಕ್ಕವರಿದ್ದಾಗ, ಅದೇ ಅಟ್ಟದಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು. ಅಜ್ಜಿಯ ಕಥೆಗಳಲ್ಲಿ ಯಾವಾಗಲೂ ಕಿರಿಯವಳೇ ಕಾಡು ದಾಟಿ ದೀಪದ ಊರು ಸೇರುತ್ತಿದ್ದಳು. ಹಿರಿಯವಳು ದಾರಿಯಲ್ಲೆಲ್ಲೋ ಹಿಂದಿರುಗಿ ನೋಡಿ ಕಲ್ಲಾಗಿಬಿಡುತ್ತಿದ್ದಳು. ಕಲ್ಲಾಗುವ ಜಾಗ ಬಂದಾಗಲೆಲ್ಲ ತಂಗಿ ಅಕ್ಕನ ಬೆರಳು ಹಿಡಿದುಕೊಳ್ಳುತ್ತಿದ್ದಳು. ಆದರೆ ಅವರಿಬ್ಬರ ರೆಕಾರ್ಡು ಹೊರಬಂದಾಗ ಕಥೆಯಲ್ಲಿ ಆದಂತೆಯೇ ಆಯಿತು. ಕೇಳಿದವರೆಲ್ಲ ಆ ಮೇಲಿನ ರಾಗವನ್ನು ನುಡಿಸಿದವಳು ಯಾರೆಂದು ಕೇಳಿದರು. ತಂಗಿ ದೀಪಗಳ ಕಡೆ ಹೋದಳು. ಅಕ್ಕ ಅಟ್ಟ ಇಳಿದು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು, ಜನರ ಕಣ್ಣು ಅಳೆಯತೊಡಗಿದಳು.

ಈಗ ಕಂಪನಿಯೊಂದು ಅದೇ ರೆಕಾರ್ಡನ್ನು ಹಳೆಯ ಟೇಪಿನಿಂದ ಹೊಸದಾಗಿ ಹದಗೊಳಿಸಿ, ರೀಮಾಸ್ಟರ್ ಮಾಡಿ, ಮತ್ತೆ ಬಿಡುಗಡೆ ಮಾಡಬೇಕೆಂದಿತ್ತು. ಅವರಿಗೆ ತಂಗಿಯ ಒಪ್ಪಿಗೆ ಸಾಕಿತ್ತು. ಸಂದರ್ಶನಕ್ಕೆ ಕೂತಲ್ಲೆಲ್ಲ ಅವಳು ರೀಮಾಸ್ಟರುಗಳನ್ನು ಜರಿಯುತ್ತ ಬಂದವಳು. ಹಳೆಯ ವಿನೈಲ್ ತಟ್ಟೆಯಲ್ಲಿ ಮಾತ್ರ ಜೀವವಿದೆ, ಹೊಸದೆಲ್ಲ ಒಗೆದೂ ಒಗೆದೂ ಬಣ್ಣ ಬಿಟ್ಟ ಬಟ್ಟೆ ಎಂಬುದು ಅವಳ ಹೆಸರಿಗೇ ಅಂಟಿಕೊಂಡ ಮಾತು. ಅದನ್ನು ಇವತ್ತು ಮುಖಕ್ಕೆ ಹೊಡೆದಂತೆ ತೋರಿಸಿಕೊಡಬೇಕೆಂದು, ಒಮ್ಮೆಯೂ ಸೂಜಿ ತಾಗದ ತನ್ನದೇ ಪ್ರತಿಯೊಂದನ್ನು ಹೊತ್ತು ತಂದಿದ್ದಳು. ಸವೆದ ತಟ್ಟೆಯ ಚರಪರ ಸದ್ದಿನಿಂದ ಗುರುತು ಸಿಗಬಾರದಲ್ಲ.

"ಹಾಕಿ," ಎಂದಳು.

ಮೊದಲನೆಯದು ಬಂತು. ಅವಳ ರಾಗ, ಅಂಚು ಚೂಪಾಗಿ, ಗಾಜಿನ ಮೇಲೆ ಗಾಜು ಜಾರಿದಂತೆ. ಸ್ವಲ್ಪ ಹೊತ್ತು ಕೇಳಿ ಕೈಯೆತ್ತಿದಳು. ಎರಡನೆಯದು ಬಂತು. ಅದೇ ರಾಗ. ಆದರೆ ಈ ಸಲ ಅದರ ಅಡಿಯಲ್ಲಿ ಏನೋ ಉಸಿರಾಡುತ್ತಿತ್ತು. ರಾಗ ಮೇಲೇರಿದಾಗ ಅದು ಕಾಯುತ್ತಿತ್ತು, ರಾಗ ಬೀಳುವ ಮೊದಲೇ ಕೆಳಗೆ ಹೋಗಿ ಕೈಚಾಚಿ ನಿಂತಿರುತ್ತಿತ್ತು. ತಂಗಿಯ ತೋಳಿನ ಮೇಲೆ ನವಿರೆದ್ದಿತು. ಅವಳಿಗೆ ತನ್ನ ಮೇಲೇ ಮೋಹ ಬಂದಂತಾಯಿತು.

"ಇದೇ!" ಎಂದಳು, ಗೋಡೆಗೆ ಹೇಳುವಂತೆ. "ಇದೇ ನನ್ನ ವಿನೈಲ್. ಕೇಳಿ, ಇದಕ್ಕೆ ಮೈ ಇದೆ. ಬಿಸಿ ಇದೆ. ಇದು ನಿಮ್ಮ ಕಂಪ್ಯೂಟರಿಗೆ ಏಳು ಜನ್ಮಕ್ಕೂ ಬರಲ್ಲ."

ಇಂಜಿನಿಯರ್ ಮೂಗು ಸೀಟಿಕೊಂಡ.

"ಮೇಡಂ, ಎರಡನೇದು ಹೊಸದು. ಟೇಪಿಂದ ಮಾಡಿದ್ದು."

"ತಮಾಷೆ ಬೇಡ."

"ಇಲ್ಲ ಮೇಡಂ. ತಿರುಗಿ ನೋಡಿ ಬೇಕಾದ್ರೆ."

ತಿರುಗಿದಳು. ಅವಳ ಕಪ್ಪು ತಟ್ಟೆಯ ಮೇಲಿಂದ ಸೂಜಿ ಆಗಲೇ ಎದ್ದು ಪಕ್ಕಕ್ಕೆ ಮಲಗಿತ್ತು.

"ಟೇಪಲ್ಲಿ ಕೆಳಗಿನ ಸ್ವರ ಪೂರ್ತಿ ಇದೆ," ಎಂದು ಇಂಜಿನಿಯರ್ ಸಮಾಧಾನದ ದನಿಯಲ್ಲಿ ಹೇಳಿದ. "ಆಗ ನಿಮ್ಮ ರೆಕಾರ್ಡಿನ ಒಂದೊಂದು ಮಗ್ಗುಲಿಗೂ ಹಿಡಿಸಲಾರದಷ್ಟು ಸಂಗೀತ ತುಂಬಿದಾರೆ. ಕೆಳಗಿನ ಸ್ವರಕ್ಕೆ ಗೀರು ಅಗಲ ಬೇಕು ಮೇಡಂ. ತಟ್ಟೆ ಕೆತ್ತೋನು ಜಾಗ ಎಲ್ಲಿಂದ ತರ್ತಾನೆ? ಅದಕ್ಕೇ ಕೆಳಗಿನ ಸ್ವರಾನೇ ಕತ್ತರಿಸಿ ತೆಗೆದಿದಾನೆ. ಟೇಪ್ ಕೇಳೋವರೆಗೂ ನಂಗೂ ಗೊತ್ತಾಗ್ಲಿಲ್ಲ."

ಸೋಫಾದ ಮೇಲಿಂದ ಅಕ್ಕ ಕೇಳಿದಳು, "ಹಂಗಾದ್ರೆ ನಾನು ಮೆತ್ತಗೆ ಒತ್ತಿದ್ದಕ್ಕಲ್ವಾ ಅದು?"

"ಯಾವುದು ಮೇಡಂ?"

"ಕೇಳಿಸ್ದೇ ಇದ್ದಿದ್ದು. ನನ್ನ ಕೈಯಲ್ಲೇ ಕಸುವಿಲ್ಲ ಅಂದ್ಕೊಂಡಿದ್ದೆ."

ಅಷ್ಟನ್ನು ಅವಳು, ಕಳೆದುಹೋಗಿದ್ದ ಬೀಗದಕೈ ಎಲ್ಲಿತ್ತೆಂದು ಈಗ ಗೊತ್ತಾದವಳ ಹಾಗೆ, ಸುಮ್ಮನೆ ಹೇಳಿದಳು. ತಂಗಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಎಷ್ಟೆಷ್ಟು ಯಂತ್ರಗಳನ್ನು ಕೊಂಡು, ಎಷ್ಟೆಷ್ಟು ಊರುಗಳಲ್ಲಿ ನಿಂತು ತಾನು ಹುಡುಕಿದ್ದ ಆ ಉಸಿರು! ಅದು ಕೈಗೆ ಸಿಗದಾಗಲೆಲ್ಲ ವಿನೈಲಿನಲ್ಲಿದೆ, ಅಲ್ಲಿದೆ ಎಂದು ನಂಬಿಕೊಂಡಿದ್ದಳು. ಈಗ ನೋಡಿದರೆ ಉಗುರಿನ ಸಂದಿಯಲ್ಲಿ ಗಾಜು ಉಜ್ಜಿದ ಪುಡಿ ಮೆತ್ತಿಕೊಂಡ ಈ ಹೆಂಗಸು, ಅಟ್ಟದ ಮೇಲೆ ಕೂತು, ಯಾರನ್ನೂ ಕೇಳದೆ, ಹತ್ತೊಂಬತ್ತನೇ ವಯಸ್ಸಿಗೇ ಅದನ್ನು ನುಡಿಸಿ ಮುಗಿಸಿದ್ದಳು. ತಂಗಿಗೆ ಅಕ್ಕನ ಮೇಲೆ ಅಸೂಯೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ಕೆಳಗಡೆ ಜಾಸ್ತಿ ಆಗಿದೆ," ಎಂದಳು. "ಮೇಲಿನ ರಾಗ ಮುಳುಗ್ತಾ ಇದೆ. ಇಳಿಸಿ."

"ಈಗ ತಾನೇ ಮೈ ಇದೆ, ಬಿಸಿ ಇದೆ ಅಂದ್ರಲ್ಲ…"

"ಅಂದೆ. ಈಗ ಇಳಿಸಿ ಅಂತಿದೀನಿ."

ಅವನು ಸೋಫಾದ ಕಡೆ ನೋಡಿದ. ಅಕ್ಕ ಕೈಬೀಸಿದಳು. "ಇಳಿಸಪ್ಪ. ಅವಳ ಕಿವಿ ಮನೇಲಿ ಎಲ್ರಿಗಿಂತ ಚುರುಕು."

"ಅಕ್ಕಾ, ನೀನು ಸುಮ್ನಿರು."

"ಸುಮ್ನೇ ಇದೀನಲ್ಲೇ. ಇಷ್ಟು ವರ್ಷ ಮತ್ತೇನು ಮಾಡ್ದೆ?" ಎಂದು ಅಕ್ಕ ನಕ್ಕಳು. ನಗುವಿನಲ್ಲಿ ಮುಳ್ಳಿತ್ತೋ ಇಲ್ಲವೋ ತಂಗಿಗೆ ತಿಳಿಯಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಇಂಜಿನಿಯರ್ ಗುಂಡಿ ತಿರುಗಿಸಿ ಮತ್ತೆ ಹಾಕಿದ. ರಾಗ ಒಂದೇ ಮೇಲೆ ತೇಲಿ ಬಂತು, ಸ್ವಚ್ಛವಾಗಿ, ತನ್ನದೇ ಹೆಸರು ಬರೆದುಕೊಂಡು. ಚೆಂದವಾಗಿತ್ತು. ತೆಳ್ಳಗಿತ್ತು. ಬೀಳುವ ಕಡೆಗಳಲ್ಲಿ ಹಿಡಿಯುವವರಿಲ್ಲದೆ ಸುಮ್ಮನೆ ಬೀಳುತ್ತಿತ್ತು. ಎಲ್ಲರೂ ಬಲ್ಲ ರಾಗ ಅದೇ.

ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಚಪ್ಪಲಿ ಬಿಟ್ಟು, ಬರಿಗಾಲನ್ನು ಮರದ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ಬಾಗಿಲಾಚೆಯ ಮಾತು ಕೇಳುವವಳಂತೆ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಎಡಗೈ ಬೆರಳುಗಳು ಮಡಿಲಿನ ಖಾಲಿ ಚೀಲದ ಮೇಲೆ ತನ್ನ ಕೆಳಗಿನ ಸ್ವರಗಳನ್ನೇ ನುಡಿಸುತ್ತಿದ್ದವು. ಸ್ವರ ಕೇಳಿಸದೆ ಹೋದಂತೆ ಅವು ಇನ್ನಷ್ಟು ಬಲವಾಗಿ ಒತ್ತತೊಡಗಿದವು, ಉಗುರು ಬಿಳಿಚುವಷ್ಟು, ತನ್ನ ಕೈಯೇ ಮತ್ತೆ ಸೋತಿತೇನೋ ಎಂಬಂತೆ.

"ನಿಲ್ಸಿ," ಎಂದಳು ತಂಗಿ.

ನಿಂತಿತು. ಅಕ್ಕ ಕಣ್ಣು ಬಿಟ್ಟಳು.

"ಮೊದಲಿದ್ದ ಹಾಗೇ ಮಾಡಿ."

"ಎಷ್ಟು ಏರಿಸ್ಲಿ ಮೇಡಂ?"

"ಪೂರ್ತಿ. ಟೇಪಲ್ಲಿ ಎಷ್ಟಿದೆಯೋ ಅಷ್ಟೂ. ಹಾಗೇ ಕಳಿಸಿ ಕಂಪನಿಗೆ. ಇವತ್ತೇ ಕಳಿಸಿ. ನಾಳೆ ನಾನು ಫೋನ್ ಮಾಡಿ ಬೇರೆ ಏನಾದ್ರೂ ಅಂದ್ರೆ ಎತ್ಬೇಡಿ."

"ನಿಂಗೆ ಇಷ್ಟ ಆಗದಿದ್ರೆ ಬೇಡ ಕಣೆ," ಎಂದಳು ಅಕ್ಕ.

"ಇಷ್ಟ ಆಗಿಲ್ಲ ಅಂತ ಯಾರಂದ್ರು?" ದನಿ ಒರಟಾಗಿಯೇ ಬಂತು. "ಇಷ್ಟ ಆಗಿರೋದೇ ಕಷ್ಟ."

ಕುರ್ಚಿಯನ್ನು ಮತ್ತೆ ಗೋಡೆಗೆ ತಿರುಗಿಸಿಕೊಂಡಳು. ಇಂಜಿನಿಯರ್ ಗುಂಡಿ ಮುಟ್ಟಿದ. ಕೆಳಗಿನ ಸ್ವರ ಮರದ ನೆಲದ ಹಲಗೆಗಳ ಅಡಿಯಿಂದ ಹರಡುತ್ತ ಬಂದು ಇಡೀ ಕೋಣೆಯ ನೆಲ ಹಿಡಿಯಿತು. ತಂಗಿ ಅದು ತಾಗದಿರಲೆಂದು ಎರಡೂ ಪಾದಗಳನ್ನು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಆ ಸ್ವರದ ನಡುಕ ಕುರ್ಚಿಯ ಕಾಲುಗಳನ್ನು ಹತ್ತಿ ಅವಳ ಪಾದಗಳಿಗೆ ಬಂತು.