ಯಂತ್ರಗಳು ಕೆಟ್ಟ ಬೇಸಿಗೆ

ಹೇಳಿಬಿಟ್ಟರೆ ಏನಾಗುತ್ತದೆ? ಈಗಲೇ, ಇಲ್ಲಿಯೇ, ಈ ಹೂವು ಸಿಕ್ಕಿಸಿ ಮುಗಿಯುವುದರೊಳಗೆ?

ಓರಿನ್ ಪ್ರಾಥರ್ ಹಲ್ಲಿನ ನಡುವೆ ಗುಂಡುಸೂಜಿಯೊಂದನ್ನು ಕಚ್ಚಿಕೊಂಡು, ಗಾರ್ಲಂಡ್ ಹಾಬ್ಸನ ಕೋಟಿನ ಎಡಭಾಗಕ್ಕೆ ಬಿಳಿ ಹೂವನ್ನು ಹಿಡಿದು ನಿಂತಿದ್ದ. ಒಂದು ಮಾತು ಸಾಕು. ಶವಪೆಟ್ಟಿಗೆ ಹೊರಲು ಬಂದ ಆರು ಜನ ಸಾಲಾಗಿ ನಿಂತಿದ್ದಾರೆ, ಕೈಯಳತೆಯಲ್ಲಿ. ಆದರೆ ಆ ಮಾತು ಬಾಯಿಂದ ಬಿದ್ದರೆ, ಒಳಗೆ ಮಲಗಿರುವ ವರ್ಲೀನ್ ಏನಾಗುತ್ತಾಳೆ? ಕೊನೆಯವರೆಗೆ ಮಾತು ಉಳಿಸಿಕೊಂಡವಳೋ, ಮಾತು ತಪ್ಪಿದವನ ಹೆಂಡತಿಯೋ?

"ನಿಧಾನಕ್ಕಪ್ಪಾ, ಚುಚ್ಚಿಬಿಟ್ಟೀಯ," ಎಂದ ಗಾರ್ಲಂಡ್. "ಸೂಜಿ ಅಂದ್ರೆ ನಂಗಾಗಲ್ಲ ಅಂತ ಊರಿಗೇ ಗೊತ್ತು."

ಸಾಲಿನಲ್ಲಿದ್ದವರು ನಕ್ಕರು. ಸಾವಿನ ದಿನ ಚರ್ಚಿನ ಬಾಗಿಲಲ್ಲಿ ಎಷ್ಟು ನಗಬಹುದೋ ಅಷ್ಟೇ.

"ಊರಿಗೆ ಗೊತ್ತು," ಎಂದ ಓರಿನ್.

ಗಾರ್ಲಂಡನ ಕಣ್ಣು ಒಂದು ಗಳಿಗೆ ಅವನ ಮುಖದ ಮೇಲೆ ನಿಂತು, ಜಾರಿ, ಬಾಗಿಲಾಚೆಯ ಕಾರುಗಳ ಕಡೆ ಹೋಯಿತು. ದನದ ಮೇವಿನ ಅಂಗಡಿಯ ಯಜಮಾನ, ಚರ್ಚಿನ ಹಿರಿಯ, ಶಾಲಾ ಮಂಡಳಿಯ ಅಧ್ಯಕ್ಷ. ಅವನ ದುಃಖವೂ ಅವನ ಅಂಗಿಯ ಹಾಗೆ ಇಸ್ತ್ರಿ ಹಾಕಿಸಿಕೊಂಡು ಬಂದಿತ್ತು.

ಪೆಟ್ಟಿಗೆ ಯಾರ್ಯಾರು ಹೊರಬೇಕು ಎಂದು ಪಾಸ್ಟರ್ ಡ್ಯೂಯಿ ಕೇಳಿದಾಗ ಓರಿನ್ ತಡವರಿಸದೆ ಆರು ಹೆಸರು ಹೇಳಿದ್ದ. ಪಾಸ್ಟರನ ಕಣ್ಣು ತುಂಬಿ ಬಂದಿತ್ತು. ಆ ಆರೂ ಜನ ಮೂರು ವರ್ಷದಿಂದ ವರ್ಲೀನಳ ಜೊತೆ ನೆಟ್ಟಗೆ ಮಾತಾಡಿದವರಲ್ಲ. "ಕ್ಷಮೆ ಅಂದ್ರೆ ಇದು, ಓರಿನ್. ಇದನ್ನೇ ಇವತ್ತು ಜನಕ್ಕೆ ಹೇಳ್ತೀನಿ," ಎಂದಿದ್ದ.

ಕ್ಷಮೆಯಂತೆ. ಆ ಆರರಲ್ಲಿ ಪ್ರತಿಯೊಬ್ಬನಿಗೂ ತನ್ನ ಗುಟ್ಟು ಮಾತ್ರ ಗೊತ್ತು. ಪಕ್ಕದವನದೂ ಅದೇ ಗುಟ್ಟು ಎಂದು ಗೊತ್ತಿಲ್ಲ. ಆರೂ ಗುಟ್ಟುಗಳನ್ನು ಒಟ್ಟಿಗೆ ಬಲ್ಲವರು ಇಬ್ಬರೇ. ಅವರಲ್ಲೊಬ್ಬಳು ಈಗ ಪೆಟ್ಟಿಗೆಯಲ್ಲಿದ್ದಳು.

ಓರಿನ್ ಮುಂದಿನ ಹೂವು ತೆಗೆದುಕೊಂಡ.

*

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಊರಿನ ಹುಲ್ಲು ಕತ್ತರಿಸುವ ಯಂತ್ರಗಳೆಲ್ಲ ಒಟ್ಟೊಟ್ಟಿಗೆ ಕೆಟ್ಟವು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಣ್ಣ ಇಂಜಿನ್ನುಗಳ ರಿಪೇರಿ ಮಾಡುತ್ತಲೇ ಮುದುಕನಾಗಿದ್ದ ಓರಿನ್ ಅಂಥ ಸುಗ್ಗಿಯನ್ನು ಎಂದೂ ಕಂಡಿರಲಿಲ್ಲ.

ಮೊದಲು ಬಂದವನು ಗಾರ್ಲಂಡ್. ಹುಬ್ಬು ಮುಚ್ಚುವ ಟೋಪಿ, ಸಂಜೆಯ ಮಬ್ಬಿನಲ್ಲೂ ಕಪ್ಪು ಕನ್ನಡಕ. ಪಿಕಪ್ ಗಾಡಿಯ ಹಿಂದೆ ಬಣ್ಣ ಮಾಸದ ಕೆಂಪು ಯಂತ್ರ.

"ಏನಾಗಿದೆ ಇದಕ್ಕೆ?"

"ಏನೋ ಸದ್ದು ಬರುತ್ತಪ್ಪ."

ಓರಿನ್ ಹಗ್ಗ ಎಳೆದ. ಮೊದಲ ಎಳೆತಕ್ಕೇ ಹತ್ತಿಕೊಂಡಿತು. "ಬರಬೇಕಾದ ಸದ್ದೇ ಬರ್ತಿದೆಯಲ್ಲ," ಎಂದು ಆರಿಸಲು ಹೋದರೆ ಗಾರ್ಲಂಡ್ ಅವನ ಕೈ ಹಿಡಿದ.

"ಆರಿಸ್ಬೇಡ. ಓಡ್ತಾ ಇರ್ಲಿ." ಮನೆಯ ಕಡೆ ಇಣುಕಿದ. "ವರ್ಲೀನ್ ಕೆಲಸದಿಂದ ಬಂದ್ಲಾ? ದಿನದ ಕೊನೇಲಿ ಒಂದೆರಡು ಉಳಿಯುತ್ತೆ, ಚೆಲ್ಲಿಬಿಡ್ತಾರೆ ಅಂತ ಕೇಳ್ದೆ. ಚೆಲ್ಲೋದು ಪಾಪ ಅಲ್ವಾ?"

ವರ್ಲೀನ್ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಕೊರೋನಾ ಲಸಿಕೆ ಹಾಕುವ ನರ್ಸು. ಅವಳು ನೀಲಿ ಐಸ್ ಪೆಟ್ಟಿಗೆ ಹಿಡಿದು ಬಂದಳು. ಗಾರ್ಲಂಡ್ ಅಂಗಿ ಸಡಿಲಿಸಿ, ಗೋಡೆಗೆ ತೂಗುಹಾಕಿದ್ದ ಬೋಲ್ಟು ಬಿಚ್ಚುವ ಪಾನಾಗಳನ್ನು ನೋಡುತ್ತ ತೋಳು ಒಡ್ಡಿದ. ಯಂತ್ರ ಗುಡುಗುಡು ಓಡುತ್ತಿತ್ತು.

"ಹೆಂಡ್ತಿಗೂ ಗೊತ್ತಾಗ್ಬಾರ್ದು," ಎಂದ.

"ನನ್ನ ರೋಗಿ, ನನ್ನ ಗುಟ್ಟು," ಎಂದಳು ವರ್ಲೀನ್, ಹತ್ತಿ ಒತ್ತುತ್ತ. "ಈ ಶೆಡ್ಡಿಂದ ಮಷಿನ್ ಬಿಟ್ಟು ಬೇರೇನೂ ಹೊರಗೆ ಹೋಗಲ್ಲ. ಅಲ್ವಾ ಓರಿನ್?"

ಹೌದು ಎಂದಿದ್ದ ಓರಿನ್.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಬ್ಬ ಹೆಂಡತಿಯ ಹೂವಿನ ಟೋಪಿ ಹಾಕಿಕೊಂಡು ಬಂದ. ಒಬ್ಬ ಜಿಂಕೆ ಬೇಟೆಯ ಮುಸುಕು ಎಳೆದುಕೊಂಡು ಬಂದ. ತಿಂಗಳೊಳಗೆ ಎರಡನೆಯ ಸೂಜಿಗೆ ಅವೇ ಯಂತ್ರಗಳು ಮತ್ತೆ ಕೆಟ್ಟವು.

"ನಾಚಿಕೆ ಅನ್ನೋದು ಇಲ್ವಾ ಇವರಿಗೆ?" ಎಂದು ಓರಿನ್ ಕೇಳಿದ್ದ.

"ಇರೋದಕ್ಕೇ ಟೋಪಿ ಹಾಕ್ಕೊಂಡು ಬರೋದು," ಎಂದಿದ್ದಳು ವರ್ಲೀನ್. "ಹೇಡಿಯ ತೋಳೂ ತೋಳೇ ಕಣೋ."

ಅದೇ ಬೇಸಿಗೆಯ ಜೂನಿನಲ್ಲಿ ಶಾಲಾ ಮಂಡಳಿಯ ಸಭೆ. ಹನ್ನೆರಡು ದಾಟಿದ ಮಕ್ಕಳಿಗೆ ಶಾಲೆಯಲ್ಲೇ ಲಸಿಕೆ ಹಾಕಲು ಒಂದು ಕೋಣೆ ಕೊಡಿ ಎಂದು ಕೇಳಲು ವರ್ಲೀನ್ ಎದ್ದು ನಿಂತಳು. ಮಾತು ಮುಗಿಸಲು ಸೇರಿದ ಜನ ಬಿಡಲಿಲ್ಲ. ಲೀಲಂಡ್ ಎಂಬ ಪಕ್ಕದ ಹೊಲದವನು, "ಮನೆಗೆ ಹೋಗಮ್ಮ ಸೂಜಿ ರಾಣಿ," ಎಂದು ಹಿಂದಿನ ಸಾಲಿನಿಂದ ಕೂಗಿದ. ಅಧ್ಯಕ್ಷರ ಕುರ್ಚಿಯಲ್ಲಿದ್ದ ಗಾರ್ಲಂಡ್ ಎಲ್ಲರೂ ಸುಮ್ಮನಾಗುವವರೆಗೆ ಕಾದು ಹೇಳಿದ: "ನಮ್ಮ ಚರ್ಚಿನ ಒಬ್ಬನೇ ಒಬ್ಬ ಮನುಷ್ಯ ಆ ವಿಷ ಚುಚ್ಚಿಸ್ಕೊಂಡಿಲ್ಲ. ನಮ್ಮ ಮಕ್ಕಳಿಗೂ ಬೇಡ."

ಚಪ್ಪಾಳೆ ಬಿತ್ತು. ಆ ಹೊತ್ತಿಗೆ ಅವನ ಕೆಂಪು ಯಂತ್ರ ಎರಡನೆಯ ಸಲ ಕೆಟ್ಟು ಓರಿನನ ಶೆಡ್ಡಿನಲ್ಲಿ ನಿಂತಿತ್ತು. ಮುಂದಿನ ವಾರ ಲೀಲಂಡನ ಯಂತ್ರವೂ ಬಂತು. ವರ್ಲೀನ್ ಅವನ ತೋಳನ್ನೂ ಒರೆಸಿ ಚುಚ್ಚಿದಳು, ಒಂದು ಮಾತೂ ಆಡದೆ. ಓರಿನ್ ಮಾತ್ರ ಆ ಯಂತ್ರಕ್ಕೆ ರಿಪೇರಿ ದುಡ್ಡು ವಸೂಲಿ ಮಾಡಿದ.

*

ಚರ್ಚಿನ ಕೆಳಮಾಳಿಗೆಯ ಉದ್ದನೆಯ ಮೇಜಿನ ಮೇಲೆ ಹಂದಿಯ ತೊಡೆ, ಖಾರ ಹಚ್ಚಿದ ಮೊಟ್ಟೆ, ಆಲೂಗಡ್ಡೆ ಸಲಾಡ್ ಬಂದು ಕೂತಿದ್ದವು. ಪ್ರತಿ ಪಾತ್ರೆಯ ತಳದಲ್ಲೂ ಯಾರ ಮನೆಯದು ಎಂದು ಪಟ್ಟಿ ಅಂಟಿಸಿತ್ತು. ಮೂರು ವರ್ಷ ವರ್ಲೀನ್ ತಂದ ತಿನಿಸನ್ನು ಮೂಸಿಯೂ ನೋಡದ ಮನೆಗಳು. ಅವಳು ಸತ್ತ ಮೇಲೆ ಅಡಿಗೆ ಹೊತ್ತು ಬಂದಿದ್ದವು, ಪಾತ್ರೆ ಮಾತ್ರ ತಪ್ಪದೆ ವಾಪಸಾಗಬೇಕು ಎಂಬ ಎಚ್ಚರದೊಂದಿಗೆ.

ಮೇಲಿನ ಸಭಾಂಗಣದಲ್ಲಿ ಓರಿನ್ ಪೆಟ್ಟಿಗೆಯ ಪಕ್ಕ ನಿಂತು ಕೈ ಕುಲುಕಿಸಿಕೊಳ್ಳುತ್ತಿದ್ದ. ಸಾಲಿನಲ್ಲಿ ಪಿಸುಮಾತು ನಡೆದಿತ್ತು.

"ಬಟಾಣಿ ಬಿಡಿಸ್ತಾ ಕೂತಿದ್ಲಂತೆ. ಹಾಗೇ ಹೃದಯ ನಿಂತ್ಹೋಯ್ತಂತೆ."

"ಅದೇ ಕಣೇ. ಆ ಸೂಜಿ. ಒಳಗೇ ಕೂತಿದ್ದು, ವರ್ಷಗಟ್ಟಲೆ ಬಿಟ್ಟು ಹೊಡೆಯುತ್ತೆ ಅಂತಾರಲ್ಲ."

"ಊರಿಗೆಲ್ಲ ಚುಚ್ತೀನಿ ಅಂತ ಹೊರಟವಳು, ಪಾಪ."

ಆ ಪಾಪ ಎಂಬ ಮಾತನ್ನು ಅವರು ಬಾಯಲ್ಲಿ ಮಿಠಾಯಿಯ ಹಾಗೆ ಹೊರಳಿಸುತ್ತಿದ್ದರು. ವರ್ಲೀನಳ ತಾಯಿ, ಅಜ್ಜಿ ಇಬ್ಬರೂ ಹೃದಯ ನಿಂತೇ ಸತ್ತವರೆಂದು ಓರಿನ್ ಹೇಳಬಹುದಿತ್ತು. ಹೇಳಲಿಲ್ಲ. ಅವರಿಗೆ ಸತ್ಯ ಕೊಡುವುದೆಂದರೆ ಹಂದಿಗೆ ಹಾಸಿಗೆ ಹಾಸಿದಂತೆ.

ಲೀಲಂಡ್ ಬಂದು ಕೈ ಹಿಡಿದ, ಬಿಡಲಿಲ್ಲ. ಬೆವರಿದ್ದ.

"ಓರಿನ್, ಒಂದು ಮಾತು," ಎಂದು ಕಿವಿಗೆ ಬಗ್ಗಿದ. "ಡಾಕ್ಟರು ಏನಾದ್ರೂ ಅಂದ್ರಾ? ಅದರಿಂದಾನೇ ಅಂತ? ಅಲ್ಲ, ನಂಗೂ ಆಗಾಗ ಎದೆ ಹಿಡ್ಕೊಂಡ ಹಾಗಾಗುತ್ತೆ. ನಾನೊಬ್ಬನೇ ತಪ್ಪು ಮಾಡಿದ್ನೇನೋ ಅಂತ."

ಓರಿನ್ ಅವನನ್ನು ನೋಡಿದ. ಹೆಣದ ಮುಂದೆ ನಿಂತು ತನ್ನ ಆಯಸ್ಸು ವಿಚಾರಿಸುವವನು.

"ಊಟದ ಮೇಲೂ ಆಗುತ್ತಾ?"

"ಹೂಂ, ಊಟದ ಮೇಲೇ ಜಾಸ್ತಿ."

"ಕಮ್ಮಿ ತಿನ್ನು," ಎಂದು ಓರಿನ್ ಕೈ ಬಿಡಿಸಿಕೊಂಡ.

ಸಾಲಿನ ಕೊನೆಯಲ್ಲಿ ಟ್ವೈಲಾ ಬಂದಳು, ಮಗ ಕೋಲ್ಟನ್‌ನ ಜೊತೆ. ಹದಿನಾರರ ಹುಡುಗ, ಎತ್ತರಕ್ಕೆ ಬೆಳೆದಿದ್ದ, ಅಗಲಕ್ಕೆ ಬೆಳೆದಿರಲಿಲ್ಲ. ಊರಿನ ಬೇಸ್‌ಬಾಲ್ ತಂಡದಲ್ಲಿ ಅವನಷ್ಟು ಜೋರಾಗಿ ಓಡುವವರು ಒಂದು ಕಾಲದಲ್ಲಿ ಇರಲಿಲ್ಲ. ಈಗ ಒಂದು ವಾಕ್ಯ ಹೇಳಲು ಅವನಿಗೆ ಎರಡು ಉಸಿರು ಬೇಕಾಗುತ್ತಿತ್ತು.

"ಓರಿನ್ ಅಂಕಲ್," ಎಂದಳು ಟ್ವೈಲಾ, "ಇವನು ಪೆಟ್ಟಿಗೆಗೆ ಕೈ ಕೊಡ್ಬೇಕಂತಾನೆ. ಬೇಡ ಅಂದ್ರೆ ಕೇಳಲ್ಲ."

"ಮಿಸ್ ವರ್ಲೀನ್ ನನ್ನ ಜೊತೆ ಕೂತಿದ್ರು," ಎಂದ ಹುಡುಗ. "ಆಸ್ಪತ್ರೇಲಿ."

ಓರಿನ್ ಬಾಯಿ ತೆರೆಯುವ ಮುನ್ನ ಗಾರ್ಲಂಡ್ ಹಿಂದಿನಿಂದ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟ. "ಗುಡ್ಡ ಹತ್ತಬೇಕು ಮಗಾ. ನಿನ್ನ ಎದೆಗೆ ಆಗಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ಶಕ್ತಿ ಕೊಟ್ಟಿರ್ತಾನೆ. ನೀನು ಹಿಂದೆ ಪ್ರಾರ್ಥನೆ ಮಾಡ್ತಾ ಬಾ."

ಹುಡುಗ ಓರಿನನನ್ನು ನೋಡಿದ.

"ಆರು ಜನ ಆಗಿಬಿಟ್ಟಿದ್ದಾರೆ," ಎಂದ ಓರಿನ್. ಆರು ಜನರನ್ನು ಆರಿಸುವಾಗ ತನ್ನ ಕುಹಕದ ರುಚಿಯಲ್ಲಿ ಈ ಹುಡುಗನ ನೆನಪೇ ಅವನಿಗೆ ಬಂದಿರಲಿಲ್ಲ.

*

ಆ ಬೇಸಿಗೆಯಲ್ಲಿ ನಿಜವಾಗಿ ಕೆಟ್ಟ ಒಂದು ಯಂತ್ರವೂ ಶೆಡ್ಡಿಗೆ ಬಂದಿತ್ತು. ಅದು ಟ್ವೈಲಾಳದು.

ಸಭೆ ನಡೆದು ಮೂರ್ನಾಲ್ಕು ದಿನವಾಗಿತ್ತು. ಅವಳನ್ನು ಕಂಡು ವರ್ಲೀನ್ ಐಸ್ ಪೆಟ್ಟಿಗೆ ತಂದೇಬಿಟ್ಟಳು. ಓರಿನ್ ಹಗ್ಗ ಎಳೆದ, ಮತ್ತೆ ಎಳೆದ. ಯಂತ್ರ ಕೆಮ್ಮಿ ಸುಮ್ಮನಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಸದ್ದಿಲ್ಲದ ಶೆಡ್ಡಿನಲ್ಲಿ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಟ್ವೈಲಾ ಪಕ್ಕದಲ್ಲಿದ್ದ ಕೆಂಪು ಯಂತ್ರದ ಹಿಡಿಗೆ ಒರಗಿ ನಿಂತು, ಐಸ್ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಮಿಸ್ ವರ್ಲೀನ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಚರ್ಚಿನವರು ಒಬ್ಬರಾದ್ರೂ ಹಾಕಿಸ್ಕೊಂಡಿದ್ದಾರಾ? ಗಾರ್ಲಂಡ್ ಇಲ್ಲ ಅಂತಾರೆ. ಒಬ್ಬರು ಹಾಕಿಸ್ಕೊಂಡಿದ್ರೆ ಸಾಕು, ಕೋಲ್ಟನ್‌ನ ಕರ್ಕೊಂಡು ಬರ್ತೀನಿ. ನಾನೊಬ್ಬಳೇ ಮಗನ ಮೇಲೆ ಅಂಥದ್ದು ಮಾಡೋಕೆ ನಂಗೆ ಧೈರ್ಯ ಸಾಲ್ದು."

ವರ್ಲೀನ್ ಓರಿನನ ಕಡೆ ನೋಡಿದಳು. ಆ ನೋಟ ಏನು ಕೇಳುತ್ತಿತ್ತೆಂದು ಅವನಿಗೆ ತಿಳಿದಿತ್ತು. ಅವನು ಬಗ್ಗಿ ಟ್ವೈಲಾಳ ಯಂತ್ರದ ಪ್ಲಗ್ ಬಿಚ್ಚತೊಡಗಿದ.

"ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ ಕಣಮ್ಮಾ," ಎಂದಳು ವರ್ಲೀನ್ ಕೊನೆಗೆ. "ನಾನು ಹಾಕಿಸ್ಕೊಂಡಿದ್ದೀನಿ. ಇವರೂ ಹಾಕಿಸ್ಕೊಂಡಿದ್ದಾರೆ. ಕರ್ಕೊಂಡು ಬಾ."

"ನೀವು ನರ್ಸು," ಎಂದಳು ಟ್ವೈಲಾ. "ನೀವು ಹಾಕಿಸ್ಕೊಳ್ಳಲೇಬೇಕು."

ಪ್ಲಗ್ ಬದಲಾಯಿತು. ಯಂತ್ರ ಹತ್ತಿಕೊಂಡಿತು. ಅವಳು ಹೋದಳು.

ಆಗಸ್ಟಿನಲ್ಲಿ ಕೊರೋನಾ ಹತ್ತಿ ಉಸಿರು ಕಟ್ಟಿದ ಕೋಲ್ಟನ್‌ನನ್ನು ಹೆಲಿಕಾಪ್ಟರಿನಲ್ಲಿ ಒಯ್ದರು. ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ, ಆಟಿಕೆ ಇಡುವ ಕೋಣೆಗೂ ಮಂಚ ಹಾಕಿದ್ದರು. ವರ್ಲೀನ್ ರಜೆ ಹಾಕಿ ಹೋಗಿ ಟ್ವೈಲಾಳ ಪಕ್ಕ ಕೂತಳು. ಓರಿನ್ ಒಮ್ಮೆ ಬಟ್ಟೆ ಕೊಡಲು ಹೋಗಿದ್ದ. ಗೋಡೆ ತುಂಬ ನಗುವ ಮೀನುಗಳ ಚಿತ್ರ, ಗಾಜಿನಾಚೆ ಬೋರಲು ಮಲಗಿಸಿದ ಮಕ್ಕಳು, ಯಂತ್ರಗಳ ಸದ್ದು. ಆ ಯಂತ್ರಗಳು ನಿಲ್ಲುವ ಹಾಗಿರಲಿಲ್ಲ. ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಗಾರ್ಲಂಡ್ ಚರ್ಚಿನ ಜನರನ್ನು ಕಟ್ಟಿಕೊಂಡು ಬಂದು ಕೈಯೆತ್ತಿ ಪ್ರಾರ್ಥನೆ ಮಾಡಿಸುತ್ತಿದ್ದ. ಟ್ವೈಲಾ ಕಿಟಕಿಯಿಂದ ನೋಡಿ ಅತ್ತಳು. "ನೋಡಿ, ಇಷ್ಟು ದೂರ ಬಂದಿದ್ದಾರೆ," ಎಂದಳು, ಕೃತಜ್ಞತೆಯಿಂದ.

ವರ್ಲೀನ್ ಎದ್ದು ಕಕ್ಕಸಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

*

ಸ್ಮಶಾನ ಚರ್ಚಿನ ಹಿಂದಿನ ಗುಡ್ಡದ ಮೇಲಿತ್ತು. ಹಾದಿ ಕಡಿದು, ಗಾಡಿ ಹತ್ತದು; ಹೆಣವನ್ನು ಕೈಯಲ್ಲೇ ಒಯ್ಯುವುದು ಊರಿನ ವಾಡಿಕೆ. ಪಾಸ್ಟರ್ ಕ್ಷಮೆಯ ಬಗ್ಗೆ ಹೇಳುವಷ್ಟು ಹೇಳಿ ಮುಗಿಸಿದ್ದ. ಆರು ಜನ ಪೆಟ್ಟಿಗೆ ಎತ್ತಿದರು. ಗಟ್ಟಿಮುಟ್ಟಾದ ಆಳುಗಳು, ಸಲೀಸಾಗಿ ಹತ್ತತೊಡಗಿದರು.

ಅರ್ಧ ಹಾದಿಯಲ್ಲಿ ಓರಿನನ ಹಿಂದೆ ಹೆಜ್ಜೆ ಸದ್ದು ನಿಂತಿತು. ಕೋಲ್ಟನ್ ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದ. ಬೆನ್ನು ಏರಿ ಇಳಿಯುತ್ತಿತ್ತು. ಜನ ಅವನನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು.

"ನಿಲ್ಲಿ," ಎಂದ ಓರಿನ್.

ಪೆಟ್ಟಿಗೆ ನಿಂತಿತು.

"ಇಳಿಜಾರಲ್ಲಿ ಕೆಳಗಿಡೋಕೆ ಆಗಲ್ಲ ಮಾರಾಯಾ," ಎಂದ ಗಾರ್ಲಂಡ್. ಹಿಂದಿನ ಹಿಡಿ ಅವನದು; ಭಾರವೆಲ್ಲ ಅವನ ಕಡೆಗೇ ಜಗ್ಗುತ್ತಿತ್ತು.

"ಇಡು ಅಂದವರ್ಯಾರು? ಹಿಡ್ಕೊಂಡು ನಿಂತ್ಕೊಳ್ಳಿ. ಹುಡುಗನಿಗೆ ಉಸಿರು ಬರ್ಲಿ."

"ಎಷ್ಟು ಹೊತ್ತು?"

"ಬರೋವರೆಗೂ."

ಆರು ಜನ ನಿಂತರು. ಬೆವರು ಕುತ್ತಿಗೆಗೆ ಇಳಿಯಿತು. ಲೀಲಂಡನ ತೋಳು ನಡುಗತೊಡಗಿತು. ಅವನ ಎದೆಯ ಮೇಲಿನ ಬಿಳಿ ಹೂವೂ ನಡುಗಿತು.

ಟ್ವೈಲಾ ಮಗನ ಬೆನ್ನು ಸವರುತ್ತಿದ್ದವಳು ಓರಿನನ ಹತ್ತಿರ ಬಂದಳು. ದನಿ ತಗ್ಗಿಸಿದರೂ ಗಾರ್ಲಂಡನಿಗೆ ಕೇಳುವಷ್ಟು ಹತ್ತಿರವಿದ್ದಳು.

"ಅಂಕಲ್, ಅವತ್ತು ಶೆಡ್ಡಲ್ಲಿ ನಾನು ಕೇಳಿದಾಗ ಮಿಸ್ ವರ್ಲೀನ್ ನಿಮ್ಮ ಮುಖ ನೋಡಿದ್ರು. ಮೂರು ವರ್ಷದಿಂದ ಅದೇ ತಲೇಲಿ ತಿರುಗ್ತಿದೆ. ನಮ್ಮವರು ಯಾರಾದ್ರೂ ಹಾಕಿಸ್ಕೊಂಡಿದ್ರಾ?"

ಗಾರ್ಲಂಡನ ಕಿವಿ ಕೆಂಪಾಯಿತು. ಹಿಡಿಯನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಅವನು ತಲೆ ತಿರುಗಿಸಿ ಓರಿನನನ್ನು ನೋಡಿದ. ಆ ಕಣ್ಣಿನಲ್ಲಿ ಈಗ ಅಧ್ಯಕ್ಷನೂ ಇರಲಿಲ್ಲ, ಹಿರಿಯನೂ ಇರಲಿಲ್ಲ. ಪಾನಾಗಳ ಗೋಡೆಯನ್ನು ನೋಡುತ್ತ ತೋಳು ಒಡ್ಡಿದ್ದವನು ಮಾತ್ರ ಇದ್ದ.

ಆ ಹೊತ್ತಿಗೆ ಕೋಲ್ಟನ್ ನೆಟ್ಟಗಾಗಿ ಮೇಲೆ ಬಂದ.

"ಗಾರ್ಲಂಡ್," ಎಂದ ಓರಿನ್, "ಕೈ ಬಿಡು. ಹುಡುಗ ಹಿಡೀತಾನೆ."

"ಅವನ ಕೈಲಿ—"

"ಬಿಡು ಅಂದ್ನಲ್ಲ."

ಗಾರ್ಲಂಡ್ ಬಿಟ್ಟ. ಕೋಲ್ಟನ್ ಹಿಡಿಗೆ ಕೈ ಹಾಕಿದ. ಪೆಟ್ಟಿಗೆ ಒಮ್ಮೆ ವಾಲಿ ಸರಿಹೋಯಿತು. ಹುಡುಗ ನಾಲ್ಕು ಹೆಜ್ಜೆ ಇಟ್ಟು ನಿಂತ. ಉಳಿದ ಐವರೂ ಭಾರ ಹೊತ್ತು ನಿಂತರು. ಅವನಿಗೆ ಉಸಿರು ಬಂತು, ಮತ್ತೆ ನಾಲ್ಕು ಹೆಜ್ಜೆ. ಹೀಗೇ ಅವರು ಗುಡ್ಡ ಹತ್ತಿದರು. ಗಾರ್ಲಂಡ್ ಬರಿಗೈಯಲ್ಲಿ, ಕೋಟಿನ ಮೇಲೆ ಹೂವು ಸಿಕ್ಕಿಸಿಕೊಂಡು, ಹೆಂಗಸರ ಹಿಂದೆ ಬಂದ.

ಟ್ವೈಲಾ ಉತ್ತರಕ್ಕೆ ಕಾದಳು. ಅಂದು ಕಾದಳು, ಆಮೇಲೆ ಪಾತ್ರೆ ವಾಪಸು ಕೊಡಲು ಓರಿನ್ ಹೋದಾಗಲೂ ಬಾಗಿಲಲ್ಲಿ ಒಂದು ಗಳಿಗೆ ಕಾದಳು. ಅವಳು ಅವತ್ತು ಒರಗಿ ನಿಂತು ಕೇಳಿದ ಕೆಂಪು ಯಂತ್ರ ಗಾರ್ಲಂಡನದು ಎಂದು ಓರಿನ್ ಅವಳಿಗೆ ಎಂದೂ ಹೇಳಲಿಲ್ಲ.